ಅವ್ವಗ ಕಣ್ಣುರಿ ಇಲ್ಲ, ಆದ್ರೂ ಪೊರೆ ಆಪರೇಷನ್ ಯಾಕ ಮುಂದಕ್ಕ ಹಾಕಿದ್ರು?

ಪ್ರಶ್ನೆ (ಇಂಡಿ ತಾಲೂಕು): ಡಾಕ್ಟರ್ ಮೇಡಂ, ನಮಸ್ಕಾರ್ರಿ. ನಮ್ಮವ್ವಗ 64 ವರ್ಷ, ಶುಗರ್ ಬಂದು 15 ವರ್ಷ ಆತು. ಬಲಗಣ್ಣಾಗ ಪೊರೆ ಬಲಿತೈತಿ. ಜೋಳದ ರಾಶಿಗೆ ಮೊದಲ ಆಪರೇಷನ್ ಮುಗಿಸಬೇಕಂತ ವಿಜಯಪುರಕ್ಕ ಕರಕೊಂಡು ಹೋದ್ವಿ. ಕಣ್ಣಾಗ ಕಾಗದದ ಪಟ್ಟಿ ಇಟ್ಟು ನೋಡಿ, 'ಕಣ್ಣು ಒಣಗೇತಿ, ಮೂರು ವಾರ ಡ್ರಾಪ್ಸ್ ಹಾಕಿ ಬರ್ರಿ' ಅಂದ್ರು. ಅವ್ವಗ ಉರಿ ಇಲ್ಲ, ಚುಚ್ಚೂದಿಲ್ಲ. ಪೊರೆ ಒಳಗ ಇರ್ತೈತಿ, ಮ್ಯಾಲೆ ಒಣಗಿದ್ದಕ್ಕ ಯಾಕ ಕಾಯಬೇಕ್ರಿ?

ಉತ್ತರ (ನೇತ್ರತಜ್ಞೆ, ವಿಜಯಪುರ): ಉರಿ ಇಲ್ಲ ಅಂದ್ರಲ್ಲ, ನನಗ ಹೆದರಿಕೆ ಆಗೂದ ಅಲ್ಲಿ. ಶುಗರ್ ಹಳೇದಾದವರಿಗೆ ಪಾದಕ್ಕ ಮುಳ್ಳು ಚುಚ್ಚಿದ್ರೂ ಗೊತ್ತಾಗೂದಿಲ್ಲ ನೋಡ್ರಿ, ಕಾರ್ನಿಯಾ (ಕಣ್ಣಿನ ಮುಂದಿನ ಗಾಜಿನಂಥ ಪರದಿ) ನರಗಳಿಗೂ ಹಂಗ ಜೋಮು ಹಿಡೀತದ. ಒಣಗಿದ ಸುದ್ದಿ ಮಿದುಳಿಗೆ ಮುಟ್ಟದಿದ್ರ ಕಣ್ಣೀರೂ ಕಡಿಮಿ, ರೆಪ್ಪಿ ಬಡಿಯೂದೂ ಕಡಿಮಿ. ಕಾರ್ನಿಯಾದ ಮೇಲುಪದರ ಸುಮಾರು 50 ಮೈಕ್ರಾನ್, ಅಂದ್ರ ಒಂದು ಮಿಲಿಮೀಟರ್‌ನ 20ನೇ ಪಾಲು ದಪ್ಪ. ಶುಗರ್ ಇದ್ದವರಲ್ಲಿ ಅದು ತಳಕ್ಕ ಗಟ್ಟಿಯಾಗಿ ಅಂಟಿರೂದಿಲ್ಲ. ಹಸಿ ಗೋಡಿಯ ಸುಣ್ಣದಂಗ ಎದ್ದು ಬರ್ತದ, ಗಾಯ ಮಾಯೂದೂ ನಿಧಾನ.

ಆಪರೇಷನ್‌ನಾಗ ರೆಪ್ಪಿ ಮುಚ್ಚದಂಗ ಕ್ಲಿಪ್ ಹಾಕಿರ್ತೀವಿ, ಮ್ಯಾಲೆ ಮೈಕ್ರೋಸ್ಕೋಪಿನ ಬೆಳಕು, ಹಿಂಗಾಗಿ ಕಣ್ಣು ಇನ್ನೂ ಒಣಗ್ತದ. ಅದಕ್ಕೂ ಮೊದಲ ರೋಗಾಣು ಕೊಲ್ಲೋ 5 ಪರ್ಸೆಂಟ್ ಪೊವಿಡೋನ್ ಅಯೋಡಿನ್ ಹಾಕ್ತೀವಿ. ಒಳಗ ಸೋಂಕಾದ್ರ ಕಣ್ಣ ಹೋಗ್ತದ, ಹಿಂಗಾಗಿ ಅದನ್ನ ಬಿಡಾಕ ಬರೂದಿಲ್ಲ. ಆದ್ರ ಈ ಪದರಕ್ಕ ಅದು ಖಾರ. 3 ನಿಮಿಷ ಬಿಟ್ಟು ಚೊಲೋತ್ನ್ಯಾಗ ತೊಳೀಬೇಕು. ಮರಗಟ್ಟಿಸೋ ಡ್ರಾಪ್ಸ್ ಮ್ಯಾಲಿಂದ ಮ್ಯಾಲೆ ಹಾಕಿದ್ರೂ ಪದರ ಸೊರಗ್ತದ. ಆಪರೇಷನ್‌ನಾಗ ಕಣ್ಣು ಹಸಿ ಇಡಾಕ ಬರೇ ನೀರು ಹನಿಸಿದ್ರ ಆ ನೀರು ಜಾರಿ ಹೋಗ್ತದ, ಅದಕ್ಕ ಶುಗರ್ ಇದ್ದವರ ಕಾರ್ನಿಯಾಕ್ಕ ನಾನು 2 ಪರ್ಸೆಂಟ್ ಎಚ್‌ಪಿಎಂಸಿ ಅನ್ನೋ ಅಂಟಂಟು ಜೆಲ್ ಸವರತೀನಿ. ಅದು ಭಾಳ ಹೊತ್ತು ಹಸಿ ಹಿಡೀತದ, ನೋಟಾನೂ ತಿಳಿ ಇರ್ತದ.

ಇನ್ನೊಂದು ಮಾತು. ಪೊರೆ ತೆಗದು ಒಳಗ ಕೂಡಿಸೋ ಲೆನ್ಸಿನ ನಂಬರ್ ತೆಗಿಯೂದು ಕಾರ್ನಿಯಾದ ಬಾಗು ಅಳದು. ಒಣಗಿದ ಕಣ್ಣಾಗ ಆ ಅಳತಿನ ತಪ್ಪತದ. ಮೂರು ವಾರ ಕಾಯ್ರಿ. ನನ್ನ ಕೇಳಿದ್ರ, ಹೊಸ ಆಪರೇಷನ್ ಆದ ಕಣ್ಣು ರಾಶಿ ಧೂಳಿನಾಗ ಇಡೂದಕ್ಕಿಂತ ರಾಶಿ ಮುಗದ ಮ್ಯಾಲೆ ಮಾಡಸೂದ ಚೊಲೋ.

ಪ್ರಶ್ನೆ (ಜಮಖಂಡಿ): ಮೇಡಂ, ನಮ್ಮ ಮಾವನೋರಿಗೂ ಶುಗರ್ ಐತ್ರಿ, ಪೊರೆ ಆಪರೇಷನ್ ಆಗಿ ತಿಂಗಳಾತು. ಬಾವು ಇಳಿಸೋ ನೆಪಫಿನ್ಯಾಕ್ ಡ್ರಾಪ್ಸ್ ಮುಗದಾವು, ಹಾಕಿದ್ರ ಹಿತ ಅಂತಾರ. ಮೆಡಿಕಲ್‌ನಾಗ ಇನ್ನೊಂದು ಬಾಟ್ಲಿ ತರಲೇನ್ರಿ?

ಉತ್ತರ: ಕೇಳದ ತರಬ್ಯಾಡ್ರಿ. ಅಕ್ಷಿಪಟಲದ (ಕಣ್ಣಿನ ಹಿಂದಿನ ಪರದಿ) ನಡುವ ಬಾವು ಬರದಂಗ ತಡಿಯಾಕ, ಶುಗರ್ ಇದ್ದವರಿಗೆ ಅದು ಬೇಕಾದ ಔಷಧ ಖರೆ. ಡಾಕ್ಟರ್ ಬರದಷ್ಟು ದಿನ ಬಿಡದ ಹಾಕಬೇಕು. ಆದ್ರ ಒಣಗಿದ, ಜೋಮು ಹಿಡಿದ ಕಾರ್ನಿಯಾ ಇದರಿಂದ ಕರಗಿ ತೂತು ಬಿದ್ದದ್ದೂ ಉಂಟು. ಹಿತ ಬೇಕಂದ್ರ ಪ್ರಿಸರ್ವೇಟಿವ್ ಇಲ್ಲದ ಕಣ್ಣೀರಿನ ಡ್ರಾಪ್ಸ್ ಬರಿಸಿಕೊಳ್ರಿ. ಕಣ್ಣು ಕೆಂಪಾದ್ರ, ಮಂಜಾದ್ರ ಅವತ್ತ ಕರಕೊಂಡು ಬರ್ರಿ, ನೋವು ಬರಲಿ ಅಂತ ಕಾಯಬ್ಯಾಡ್ರಿ.

ಇಂಡಿ ತಾಲೂಕು: ತಿಳೀತ್ರಿ ಮೇಡಂ. ಇವತ್ತ ಸಂಜಿಂದ ಡ್ರಾಪ್ಸ್ ನಾನ ಹಾಕ್ತೀನಿ, ಅವ್ವ ಮರೀತಾಳ.