ದೊಡ್ಡಪ್ಪ ಕಳಿಸಿದ ಡ್ರ್ಯಾಗನ್ ಮನುಷ್ಯ

ರಮೇಶ್ ದೊಡ್ಡಪ್ಪ: (ಫಾರ್ವರ್ಡ್) ಚೀನಾದ ಬಾವಿಯಲ್ಲಿ ಡ್ರ್ಯಾಗನ್ ಮನುಷ್ಯನ ತಲೆಬುರುಡೆ!! ಮನುಷ್ಯ ಹುಟ್ಟಿದ್ದು ಆಫ್ರಿಕಾದಲ್ಲಿ ಅಲ್ಲವೇ ಅಲ್ಲ. ಡಾರ್ವಿನ್ ಮಣ್ಣುಪಾಲು. ತಪ್ಪದೆ ಎಲ್ಲರಿಗೂ ಕಳಿಸಿ.

ರಮೇಶ್ ದೊಡ್ಡಪ್ಪ: ಶಾಲೆಯಲ್ಲಿ ಕಲಿಸಿದ್ದೆಲ್ಲ ಸುಳ್ಳು ಅಂತಾಯಿತು ನೋಡಿ.

ಶ್ರುತಿ: ದೊಡ್ಡಪ್ಪ, ಬುರುಡೆ ನಿಜ, ಬಾವಿಯೂ ನಿಜ. ಉಳಿದದ್ದು ಒಗ್ಗರಣೆ. 1933ರಲ್ಲಿ ಹಾರ್ಬಿನ್‌ನಲ್ಲಿ ಸೇತುವೆ ಕಟ್ಟುವಾಗ ಒಬ್ಬ ಕೂಲಿಯವನಿಗೆ ಅದು ಸಿಕ್ಕಿತಂತೆ. ಆಗ ಅಲ್ಲಿ ಜಪಾನಿನವರ ದರ್ಬಾರು. ಅವರ ಕಣ್ಣಿಗೆ ಬೀಳದಿರಲಿ ಅಂತ ಬಾವಿಯಲ್ಲಿ ಬಚ್ಚಿಟ್ಟ. ಸಾಯುವ ಮುಂಚೆ ಮನೆಯವರಿಗೆ ಹೇಳಿದ. 2018ರಲ್ಲಿ ವಿಜ್ಞಾನಿಗಳ ಕೈ ಸೇರಿತು.

ಸುಧಾ ಚಿಕ್ಕಮ್ಮ: ಅಷ್ಟು ವರ್ಷ ಬಾಯಿ ಬಿಡಲಿಲ್ಲವಾ! ನಮ್ಮ ಮನೆಯಲ್ಲಿ ಗುಟ್ಟು ಒಂದು ವಾರ ನಿಲ್ಲುವುದಿಲ್ಲ.

ರಮೇಶ್ ದೊಡ್ಡಪ್ಪ: ವಿಷಯಕ್ಕೆ ಬಾಮ್ಮ. ಅದು ಹೊಸ ಜಾತಿಯ ಮನುಷ್ಯ ಅಂತ ಚೀನಾದವರೇ ಹೆಸರಿಟ್ಟರು. ಪೇಪರಿನಲ್ಲಿ ಓದಿದ್ದೇನೆ.

ಶ್ರುತಿ: ಹೌದು, 2021ರಲ್ಲಿ. ಹೋಮೋ ಲಾಂಗಿ, ಅಂದರೆ ಡ್ರ್ಯಾಗನ್ ಮನುಷ್ಯ ಅಂತ. ಆಗ ನೋಡಿದ್ದು ಬುರುಡೆಯ ಆಕಾರ ಮಾತ್ರ. 2025ರಲ್ಲಿ ಬೀಜಿಂಗ್‌ನ ತಂಡ ಅದರ ಹಲ್ಲಿನ ಮೇಲೆ ಗಟ್ಟಿಯಾದ ಕೊಳೆಯಿಂದ ಡಿಎನ್‌ಎ ತೆಗೆಯಿತು, ಮೂಳೆಯಿಂದ ಪ್ರೋಟೀನ್ ತೆಗೆಯಿತು. ಎರಡೂ ಡೆನಿಸೋವನ್ ಅನ್ನುವ ಹಳೇ ಕಾಲದ ಮನುಷ್ಯರ ಕಡೆಗೇ ಬೆರಳು ತೋರಿಸಿದವು.

ಕಾರ್ತಿಕ್: ಸೈಬೀರಿಯಾದ ಗುಹೆಯವರಲ್ವಾ? ಬೆರಳಿನ ಮೂಳೆ ಚೂರು?

ಶ್ರುತಿ: ಅವರೇ. 2010ರಲ್ಲಿ ಆ ಚೂರಿನ ಡಿಎನ್‌ಎ ನೋಡಿಯೇ ಇಂಥವರು ಇದ್ದರು ಅಂತ ಗೊತ್ತಾಗಿದ್ದು. ಆಮೇಲೂ ಸಿಕ್ಕಿದ್ದು ಹಲ್ಲು, ದವಡೆ, ಮೂಳೆ ಚೂರುಗಳು ಅಷ್ಟೇ. ಮುಖ ಹೇಗಿತ್ತು ಅಂತ ಗೊತ್ತಿರಲಿಲ್ಲ. ಈ ಬುರುಡೆಯಿಂದ ಮುಖ ಸಿಕ್ಕಿತು. ಕನಿಷ್ಠ 1,46,000 ವರ್ಷ ಹಳೆಯದು.

ರಮೇಶ್ ದೊಡ್ಡಪ್ಪ: ಹಾಗಾದರೆ ಮನುಷ್ಯ ಚೀನಾದಲ್ಲೂ ಹುಟ್ಟಿದ ಅಂತಲೇ ಆಯಿತಲ್ಲ!

ಶ್ರುತಿ: ಅವರು ನಮ್ಮ ದಾಯಾದಿಗಳು ದೊಡ್ಡಪ್ಪ. ನಮ್ಮ ಅವರ ಕವಲು ಬೇರೆಯಾಗಿ 5 ಲಕ್ಷ ವರ್ಷಕ್ಕೂ ಜಾಸ್ತಿ. ನಮ್ಮ ಕವಲಿನ ತೀರಾ ಹಳೆಯ ಮೂಳೆಗಳು ಸಿಕ್ಕಿರುವುದು ಆಫ್ರಿಕಾದಲ್ಲೇ, ಮೊರಾಕ್ಕೋದಲ್ಲಿ. ಸುಮಾರು 3 ಲಕ್ಷ ವರ್ಷದವು.

ರಮೇಶ್ ದೊಡ್ಡಪ್ಪ: ದಾಯಾದಿ ಅಂದಮೇಲೆ ಆಸ್ತಿಯಲ್ಲಿ ಪಾಲು ಎಲ್ಲಿ?

ಶ್ರುತಿ: ಇದೆಯಲ್ಲ! ಟಿಬೆಟಿನವರು ಅಷ್ಟು ಎತ್ತರದಲ್ಲಿ ಆರಾಮಾಗಿರಲು ನೆರವಾಗುವ ಒಂದು ಜೀನ್ ರೂಪ ಡೆನಿಸೋವನ್ ಕಡೆಯಿಂದ ಬಂದದ್ದು. ಇನ್ನೊಬ್ಬ ದಾಯಾದಿ ನಿಯಾಂಡರ್ತಲ್. ಕೋವಿಡ್ ಜೋರಾಗುವ ಅಪಾಯ ಹೆಚ್ಚಿಸುವ ಒಂದು ಡಿಎನ್‌ಎ ತುಂಡು ಅವರಿಂದ ಬಂತು ಅಂತ 2020ರಲ್ಲಿ ಗೊತ್ತಾಯಿತು. ದಕ್ಷಿಣ ಏಷ್ಯಾದ ಸುಮಾರು ಅರ್ಧ ಜನರಲ್ಲಿ ಅದು ಇದೆ.

ರಮೇಶ್ ದೊಡ್ಡಪ್ಪ: ಅಂದರೆ ನನಗೆ ಆಕ್ಸಿಜನ್ ಹಾಕಿಸಿದವನು ಅವನಾ?

ಸುಧಾ ಚಿಕ್ಕಮ್ಮ: ಬಾವ, ಶುಗರ್ ಮರೆತು ಹೋಯಿತಾ? ಪಾಪ, ಅವನೊಬ್ಬನ ತಲೆಗೆ ಕಟ್ಟಬೇಡಿ.

ರಮೇಶ್ ದೊಡ್ಡಪ್ಪ: ಸರಿ. ಆದರೆ ಚೀನಾದಲ್ಲಿ 10 ಲಕ್ಷ ವರ್ಷದ ಬುರುಡೆಯೂ ಇದೆ ಅಂತ ಓದಿದೆ. ಅದಕ್ಕೇನು ಹೇಳುತ್ತೀಯ?

ಶ್ರುತಿ: ಯುನ್‌ಶಿಯಾನ್ ಬುರುಡೆ. ಇದು ಒಳ್ಳೆ ಪ್ರಶ್ನೆ. ಜಜ್ಜಿಹೋಗಿದ್ದನ್ನು ಕಂಪ್ಯೂಟರ್‌ನಲ್ಲಿ ಸರಿಮಾಡಿ, ಅದೂ ಲಾಂಗಿ ಕವಲಿಗೇ ಹತ್ತಿರ ಅಂದರು. ಒಪ್ಪಿದರೆ ನಮ್ಮ ಕವಲು ಬೇರೆಯಾದದ್ದು ಇನ್ನೂ ಹಿಂದೆ ಹೋಗುತ್ತದೆ. ಬರೀ ಆಕಾರ ನಂಬಿ ಹೇಳಿದ್ದು ಅಂತ ಕೆಲವರು ಒಪ್ಪಿಲ್ಲ.

ರಮೇಶ್ ದೊಡ್ಡಪ್ಪ: ನೋಡಿದೆಯಾ, ಅವರಲ್ಲೇ ಜಗಳ!

ಶ್ರುತಿ: ಜಗಳ ಯಾವಾಗ ಬೇರೆಯಾದರು ಅನ್ನುವುದಕ್ಕೆ. ಡಾರ್ವಿನ್ ತಪ್ಪು ಅಂತ ಇಬ್ಬರೂ ಹೇಳುತ್ತಿಲ್ಲ.

ರಮೇಶ್ ದೊಡ್ಡಪ್ಪ: ಇದನ್ನೆಲ್ಲ ಒಂದೇ ಮೆಸೇಜಿನಲ್ಲಿ ಬರೆದು ಕಳಿಸು. ವಾಕಿಂಗ್ ಗ್ರೂಪಿಗೆ ಹಾಕುತ್ತೇನೆ. ಹೆಡ್ಡಿಂಗ್ ಮಾತ್ರ ನಂದೇ.