ಹೊಸ ಬೆಂಜ್ ಇ-ಕ್ಲಾಸ್‌ಗೆ ಕಾಯಬೇಕಾ, ಹಳೇ ಸ್ಟಾಕ್ ತಗೊಂಡುಬಿಡಲಾ?

ಮಿಲ್ ಮನೆ, ದಾವಣಗೆರೆ | 2024 ಆಗಸ್ಟ್ 18

ಎಲ್ಲರಿಗೂ ನಮಸ್ಕಾರ. ನಮ್ಮದು ರೈಸ್ ಮಿಲ್. ಮನೆಯಲ್ಲಿ ಹನ್ನೊಂದು ವರ್ಷದ ಇನ್ನೋವಾ ಇದೆ, 2.8 ಲಕ್ಷ ಕಿಲೋಮೀಟರ್ ಓಡಿದೆ, ಇನ್ನೂ ಗಟ್ಟಿಯಾಗೇ ಇದೆ. ತೊಂದರೆ ಗಾಡಿಯದ್ದಲ್ಲ, ಅಪ್ಪನ ಮೊಣಕಾಲಿನದ್ದು. ಕಳೆದ ವರ್ಷ ಎರಡೂ ಮಂಡಿ ಆಪರೇಷನ್ ಆಯಿತು. ಇನ್ನೋವಾ ಹತ್ತುವಾಗ ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡು 'ಶಿವಾ' ಅಂತ ಕಾಲೆತ್ತುತ್ತಾರೆ, ಪಕ್ಕದಲ್ಲಿ ನಿಂತು ನೋಡೋಕೆ ಆಗಲ್ಲ. ಅದಕ್ಕೇ ಎಸ್‌ಯುವಿ ಬೇಡ, ಸೆಡಾನೇ ಇರಲಿ, ಒಂದೇ ಸಲ ಒಳ್ಳೇದು ತಗೊಳ್ಳೋಣ ಅಂತ ಮನಸ್ಸು ಮಾಡಿದ್ದೇನೆ.

ಬೆಂಗಳೂರಿನ ಶೋರೂಂ ಹುಡುಗ ಆಷಾಢ ಮುಗಿಯೋದನ್ನೇ ಕಾಯ್ತಾ ಇದ್ದ ಅನ್ನಿಸುತ್ತೆ, ಶ್ರಾವಣ ಬಂದ ದಿನದಿಂದ ದಿನಕ್ಕೆರಡು ಫೋನ್. ಈಗಿರೋ ಇ-ಕ್ಲಾಸ್ ಮೇಲೆ ಒಂಬತ್ತು ಲಕ್ಷ ಇಳಿಸುತ್ತೇವೆ, ಸ್ಟಾಕ್ ಮುಗಿದರೆ ನಮ್ಮನ್ನು ಕೇಳಬೇಡಿ ಅಂತಾನೆ. ಆದರೆ ಹೊಸ ಇ-ಕ್ಲಾಸನ್ನು ಹೊರದೇಶದಲ್ಲಿ 2023ರ ಏಪ್ರಿಲ್‌ನಲ್ಲೇ ತೋರಿಸಿಯಾಗಿದೆ, ಇಲ್ಲಿಗೂ ಇದೇ ವರ್ಷ ಬರುತ್ತೆ. ಒಂಬತ್ತು ಲಕ್ಷ ಸುಮ್ನೆ ಬಿಡೋ ದುಡ್ಡಲ್ಲ. ಹಾಗಂತ ತಗೊಂಡ ಎರಡೇ ತಿಂಗಳಿಗೆ 'ಓ, ಹಳೇ ಮಾಡೆಲ್ಲಾ' ಅಂತ ಮದುವೆ ಮನೆಯಲ್ಲಿ ಕೇಳಿಸಿಕೊಳ್ಳೋಕೂ ಇಷ್ಟ ಇಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹದಡಿ ರೋಡ್ | ಆಗಸ್ಟ್ 18

ಅಣ್ಣಾ, ಕಣ್ಣು ಮುಚ್ಚಿಕೊಂಡು ಹಳೇದು ತಗೊಳ್ಳಿ. ಇನ್ನೋವಾವನ್ನು ಹನ್ನೊಂದು ವರ್ಷ ಇಟ್ಟುಕೊಂಡವರು ನೀವು, ಇದನ್ನೂ ಅಷ್ಟೇ ವರ್ಷ ಇಡುತ್ತೀರಿ. ಮಾರೋವಾಗ ಹಳೇ ಮಾಡೆಲ್ಲೋ ಹೊಸ ಮಾಡೆಲ್ಲೋ, ಎಲ್ಲ ಒಂದೇ ರೇಟು. ಮೂರು ವರ್ಷಕ್ಕೊಮ್ಮೆ ಗಾಡಿ ಬದಲಾಯಿಸೋರು ಮಾತ್ರ ಈ ಚಿಂತೆ ಮಾಡಬೇಕು.

ಆದರೆ ಆ ಒಂಬತ್ತು ಲಕ್ಷ ಯಾವುದರಲ್ಲಿ ಇಳಿಯುತ್ತೆ ಕೇಳಿ. ಬಿಲ್ಲಲ್ಲೇ ಇಳಿಯುತ್ತಾ, ಅಥವಾ ಇನ್ಶೂರೆನ್ಸು, ಎಕ್ಸ್‌ಚೇಂಜು, ಸರ್ವೀಸ್ ಪ್ಯಾಕೇಜು ಎಲ್ಲ ಸೇರಿಸಿ ಒಂಬತ್ತು ಅಂತಾನಾ? ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಗಾಡಿಗೆ ಲೈಫ್ ಟ್ಯಾಕ್ಸ್ ಶೇ. 18, ಆ ಟ್ಯಾಕ್ಸ್ ಮೇಲೆ ಶೇ. 11 ಸೆಸ್ಸು. ಅಂದರೆ ಹತ್ತಿರ ಹತ್ತಿರ ಶೇ. 20. 76 ಲಕ್ಷದ ಗಾಡಿಗೆ ಆರ್‌ಟಿಓಗೇ 15 ಲಕ್ಷ! ಇನ್ನು ಶೇ. 1 ಟಿಸಿಎಸ್ ಅಂತ, ಅಂದರೆ ಮಾರೋವಾಗಲೇ ನಮ್ಮಿಂದ ವಸೂಲಿ ಮಾಡೋ ಇನ್‌ಕಮ್ ಟ್ಯಾಕ್ಸ್, ಹಿಡಿಯುತ್ತಾರೆ, ಅದು ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ವಾಪಸ್ ತೋರಿಸಿಕೊಳ್ಳಬಹುದು, ಮರೀಬೇಡಿ. ಗಾಡಿ ತಯಾರಾದ ತಿಂಗಳನ್ನೂ ಕೇಳಿ. ಅದು ಆರ್‌ಸಿಯಲ್ಲೇ ಬರುತ್ತೆ, ಮುಚ್ಚಿಡೋಕೆ ಆಗಲ್ಲ. ಕಳೆದ ವರ್ಷದ ಗಾಡಿ ಆಗಿದ್ದರೆ ಒಂಬತ್ತು ಕಡಿಮೆಯೇ ಆಯಿತು.

ಹಿರಿಯೂರು ಹೈವೇ | ಆಗಸ್ಟ್ 19

ನನ್ನ ಕಥೆ ಕೇಳಿ. ಕಂಪನಿ ಹೆಸರು ಬೇಡ. ಪೂರ್ತಿ ಹೊಸ ಡಿಸೈನ್ ಬಂದಾಗ ಮೊದಲ ತಿಂಗಳಲ್ಲೇ ಬುಕ್ ಮಾಡಿ ಊರಿಗೆಲ್ಲ ಪೇಡ ಹಂಚಿದ್ದೆ. ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಗುಯಿಲಾಳು ಟೋಲ್ ಲೈನಲ್ಲಿ ನಿಂತಿದ್ದಾಗ ನಡುವಿನ ದೊಡ್ಡ ಸ್ಕ್ರೀನ್ ಪಟ್ ಅಂತ ಕಪ್ಪಾಯಿತು. ಎಸಿ ಬಟನ್ ಎಲ್ಲಾ ಅದರೊಳಗೇ. ಫ್ಯಾನ್ ಜಾಸ್ತಿ ಮಾಡೋಕೂ ಒಂದು ತಿರುಗಣೆ ಇಲ್ಲ. ಗ್ಲಾಸ್ ಇಳಿಸಿ, ಟವೆಲ್ ಒದ್ದೆ ಮಾಡಿಕೊಂಡು ತಲೆ ಮೇಲೆ ಹಾಕಿಕೊಂಡು ಕೂತೆವು, ಪಕ್ಕದ ಲಾರಿ ಡ್ರೈವರ್ ನಗುತ್ತಿದ್ದ. ಆಮೇಲೆ ಗಾಡಿ ಲಾರಿ ಮೇಲೇರಿ ಬೆಂಗಳೂರಿಗೆ ಹೋಯಿತು, ಹದಿನೆಂಟು ದಿನ ಅಲ್ಲೇ. ಸಾಫ್ಟ್‌ವೇರ್ ಅಂದರು. ಸರಿಯೂ ಆಯಿತು, ಆಮೇಲೆ ತೊಂದರೆ ಕೊಟ್ಟಿಲ್ಲ, ಸುಳ್ಳು ಹೇಳಬಾರದು.

ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಬರೋದೇ 520 ಕಿಲೋಮೀಟರ್. ಬೆಂಗಳೂರಿನವರಿಗೆ ಸಣ್ಣ ರಿಪೇರಿ ಅಂದರೆ ಮಧ್ಯಾಹ್ನದ ಕೆಲಸ, ನಮಗೆ ಎರಡು ದಿನ. ಹೊಸದು ಬಂದರೂ ಆರು ತಿಂಗಳು ಬೇರೆಯವರು ಓಡಿಸಲಿ ಬಿಡಿ.

ಪಿಬಿ ರೋಡ್ 17 | ಆಗಸ್ಟ್ 19

ಎಲ್ಲರೂ ಇ-ಕ್ಲಾಸ್ ಜಪ ಮಾಡ್ತಾ ಇದ್ದೀರಲ್ಲ. ಬಿಎಂಡಬ್ಲ್ಯು 5 ಸೀರೀಸ್ ಉದ್ದದ ವೀಲ್‌ಬೇಸಿನದ್ದು ಜುಲೈನಲ್ಲಿ ಬಂದಾಯಿತು, ಶೋರೂಂ ಬೆಲೆ 72.9 ಲಕ್ಷ. ವೀಲ್‌ಬೇಸ್, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ, 3105 ಮಿ.ಮೀ., ಹಿಂದೆ ಕೂತವರಿಗೆ ಕಾಲು ಚಾಚೋಕೆ ಜಾಗ. ಪೂರ್ತಿ ಹೊಸ ಗಾಡಿ, ಕಾಯೋ ಗೋಜೇ ಇಲ್ಲ. ಪೆಟ್ರೋಲ್ ಮಾತ್ರ, ಅದೊಂದು.

ಮಿಲ್ ಮನೆ, ದಾವಣಗೆರೆ | ಆಗಸ್ಟ್ 20

ಪಿಬಿ ರೋಡ್ ಅವರೇ, ನನಗೆ ಡೀಸೆಲ್ಲೇ ಬೇಕು. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗೋದಿದೆ, ಅಕ್ಕನ ಮನೆಗೆ. ಇನ್ನೊಂದು, ಹಳೇ ಇ-ಕ್ಲಾಸ್ ಡಿಕ್ಕಿ ನೋಡಿ ಬಂದೆ, ಸ್ಟೆಪ್ನಿ ಒಳಗಡೆ ಮೇಲೇ ಕೂತಿದೆ! ಅಕ್ಕನ ಮನೆಗೆ 25 ಕೆಜಿ ಅಕ್ಕಿ ಎರಡು ಚೀಲ, ಮಂಡಕ್ಕಿ ಒಂದು ಚೀಲ ಹಾಕದೆ ಅಮ್ಮ ಗೇಟ್ ದಾಟಿಸಲ್ಲ. ಅಷ್ಟು ದುಡ್ಡಿನ ಗಾಡಿಯಲ್ಲಿ ಮಂಡಕ್ಕಿ ಚೀಲ ತೊಡೆ ಮೇಲಾ?

ದುರ್ಗದವಳು | ಆಗಸ್ಟ್ 20

ಎಲ್ಲಾ ಓದಿದೆ. ಒಂದು ಮಾತು ಯಾರೂ ಕೇಳಿಲ್ಲ. ನಿಮ್ಮ ತಂದೆಯವರನ್ನು ಆ ಗಾಡಿಯಲ್ಲಿ ಕೂರಿಸಿ ನೋಡಿದ್ದೀರಾ? ಕೂರಿಸೋದಲ್ಲ, ಎಬ್ಬಿಸಿ ನೋಡಿದ್ದೀರಾ?

ನಮ್ಮಮ್ಮನಿಗೂ ಇದೇ ಆಪರೇಷನ್ ಆಗಿದೆ. ಅವರಿಗೆ ಅಂತಲೇ ಸೆಡಾನ್ ತಗೊಂಡೆವು, ಇಷ್ಟು ದೊಡ್ಡದಲ್ಲ. ಕೂರುವಾಗ ಧೊಪ್ ಅಂತ ಕೂತರು, ಬಹಳ ಖುಷಿ. ಹೊಳಲ್ಕೆರೆಯಲ್ಲಿ ಇಳಿಯೋಕೆ ಹೋದರೆ ಏಳೋಕೇ ಆಗಲಿಲ್ಲ. ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಏಳುವಾಗ ಎಲ್ಲಾ ಭಾರ ಮಂಡಿ ಮೇಲೇ ಬೀಳುತ್ತೆ. ಗಾಡಿ ಎತ್ತರ ಇದ್ದರೆ ಹತ್ತೋದು ಕಷ್ಟ, ತಗ್ಗಿದ್ದರೆ ಏಳೋದು ಕಷ್ಟ. ವೀಲ್‌ಬೇಸ್ ಎಷ್ಟು ಉದ್ದ ಇದ್ದರೂ ಸೀಟು ಒಂದು ಬೆರಳಷ್ಟೂ ಮೇಲೇಳಲ್ಲ, ಅಲ್ವಾ? ಒಂದು ಟೇಪ್ ತಗೊಂಡು ಹೋಗಿ, ನೆಲದಿಂದ ಸೀಟಿಗೆ ಎಷ್ಟಿದೆ ಅಳೆಯಿರಿ. ಆಮೇಲೆ ಮನೆಯಲ್ಲಿ ಅಪ್ಪ ದಿನಾ ಕೂರೋ ಕುರ್ಚಿ ಅಳೆಯಿರಿ.

ಹದಡಿ ರೋಡ್ | ಆಗಸ್ಟ್ 20

ಅಕ್ಕ ಹೇಳಿದ್ದು ಸರಿ. ನಾನು ಬರೀ ದುಡ್ಡಿನ ಲೆಕ್ಕ ಹಾಕಿದೆ.

ಮಿಲ್ ಮನೆ, ದಾವಣಗೆರೆ | ಸೆಪ್ಟೆಂಬರ್ 2

ದುರ್ಗದ ಅಕ್ಕನವರಿಗೆ ದೊಡ್ಡ ನಮಸ್ಕಾರ. ಅಪ್ಪನನ್ನು ಬೆಂಗಳೂರಿಗೆ ಕರಕೊಂಡು ಹೋಗಿದ್ದೆ. ಟೇಪ್ ತೆಗೆದಾಗ ಶೋರೂಂ ಹುಡುಗ ನನ್ನ ಮುಖ ನೋಡಿದ. ಕುರ್ಚಿಗೂ ಹಿಂದಿನ ಸೀಟಿಗೂ ಒಂದು ಗೇಣಿನ ಹತ್ತಿರ ವ್ಯತ್ಯಾಸ ಬಂತು. ಅಪ್ಪ ಹಿಂದೆ ಕೂತು ಕಾಲು ಚಾಚಿ, 'ಚೆನ್ನಾಗಿದೆ ಕಣೋ, ಮಂಚ ಇದ್ದಂಗಿದೆ' ಅಂದರು. ಏಳೋಕೆ ಎರಡು ಸಲ ಪ್ರಯತ್ನ ಮಾಡಿ ಮೂರನೇ ಸಲಕ್ಕೆ ನನ್ನ ಕೈ ಹಿಡಿದರು. ಅದೇ ಮುಂದಿನ ಸೀಟನ್ನು ಬಟನ್ ಒತ್ತಿ ಪೂರ್ತಿ ಮೇಲೆತ್ತಿ ಕೂರಿಸಿದೆ, ಒಂದೇ ಸಲಕ್ಕೆ ಎದ್ದರು.

ವಾಪಸ್ ಬರುವಾಗ ಶಿರಾ ಹತ್ತಿರ ಟೀಗೆ ನಿಲ್ಲಿಸಿದಾಗ ಅಪ್ಪನೇ ಹೇಳಿದ್ದು: 'ನಾನು ಯಾವತ್ತಾದರೂ ಹಿಂದೆ ಕೂತಿದ್ದೇನಾ? ರಸ್ತೆ ಕಾಣದಿದ್ದರೆ ನನಗೆ ತಲೆ ಸುತ್ತುತ್ತೆ.' ಇಷ್ಟು ದಿನ ನಾನು ಹಿಂದಿನ ಸೀಟಿನ ಉದ್ದ ಅಳೀತಾ ಕೂತಿದ್ದೆ.

ಸದ್ಯಕ್ಕೆ ಇನ್ನೋವಾಕ್ಕೆ ಎಡಗಡೆ ಒಂದು ಅಗಲದ ಫುಟ್‌ಸ್ಟೆಪ್ ಹಾಕಿಸಿದ್ದೇನೆ, ಬಾಗಿಲ ಪಕ್ಕದ ಕಂಬಕ್ಕೆ ಒಂದು ಹಿಡಿಕೆ. ಎಲ್ಲ ಸೇರಿ ಏಳು ಸಾವಿರ. 'ಶಿವಾ' ಅನ್ನೋದು ಬಿಟ್ಟಿಲ್ಲ, ಆದರೆ ಮೆಲ್ಲಗೆ ಅಂತಾರೆ. ಹುಡುಗ ನಿನ್ನೆ ಮತ್ತೆ ಫೋನ್ ಮಾಡಿದ್ದ, ಒಂಬತ್ತು ಈಗ ಹನ್ನೊಂದಾಗಿದೆ.

ಹಿರಿಯೂರು ಹೈವೇ | ಅಕ್ಟೋಬರ್ 10

ಮಿಲ್ ಅಣ್ಣಾ, ನಿನ್ನೆ ಹೊಸದು ಬಂತು. ಇ 200 ಪೆಟ್ರೋಲ್ 78.5 ಲಕ್ಷ, ನಿಮ್ಮ ಡೀಸೆಲ್ ಇ 220ಡಿ 81.5 ಲಕ್ಷ, ಶೋರೂಂ ಬೆಲೆ. ವೀಲ್‌ಬೇಸ್ 3094, ಹಳೇದಕ್ಕಿಂತ 15 ಮಿ.ಮೀ. ಜಾಸ್ತಿ. ಸ್ಟೆಪ್ನಿ ಡಿಕ್ಕಿ ನೆಲದ ಕೆಳಗೆ ಹೋಗಿದೆ, ಮಂಡಕ್ಕಿ ಚೀಲಕ್ಕೆ ಜಾಗ ಆಯಿತು. ಸ್ಕ್ರೀನ್ ಮಾತ್ರ 14.4 ಇಂಚು, ಅಪ್ಪನ ಮುಂದೆ ಇನ್ನೊಂದು 12.3 ಇಂಚಿನದ್ದು. ಟವೆಲ್ ಇಟ್ಟುಕೊಳ್ಳಿ.

ಮಿಲ್ ಮನೆ, ದಾವಣಗೆರೆ | ಅಕ್ಟೋಬರ್ 12

ನೋಡಿದೆ. ಹಳೇ ಸ್ಟಾಕ್ ಖಾಲಿ ಆಯಿತಂತೆ, ಬೇಜಾರೇನಿಲ್ಲ. ದೀಪಾವಳಿ ಕಳೆದ ಮೇಲೆ ಅಪ್ಪನನ್ನೂ ಟೇಪನ್ನೂ ಕರಕೊಂಡು ಹೋಗುತ್ತೇನೆ, ಮುಂದಿನ ಸೀಟು ಎಷ್ಟು ಮೇಲೇಳುತ್ತೆ ನೋಡಬೇಕು. ನಿನ್ನೆ ಆಯುಧಪೂಜೆ ಇನ್ನೋವಾಕ್ಕೇ ಆಯಿತು. ಫುಟ್‌ಸ್ಟೆಪ್‌ಗೂ ಅಮ್ಮ ಕುಂಕುಮ ಇಟ್ಟಿದ್ದಾಳೆ.