ಪದ ಬೇಕಿದೆ: ‘ಮನೆಹೊಣೆ’, ‘ಆರೈಕೆ ರಜೆ’ ಸರಿಹೋಗುತ್ತವಾ?

ಬಳಗದ ಎಲ್ಲರಿಗೂ ನಮಸ್ಕಾರ.

ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರಿಗಾಗಿ ಒಂದು ಕಿರುಹೊತ್ತಿಗೆ ಬರೆಯುವ ಕೆಲಸ ಕೈಲಿದೆ. ಮಕ್ಕಳು, ಹಾಸಿಗೆ ಹಿಡಿದ ಅತ್ತೆ ಮಾವ, ವಯಸ್ಸಾದ ಅಪ್ಪ ಅಮ್ಮ ಇವರನ್ನೆಲ್ಲ ನೋಡಿಕೊಂಡು ದುಡಿಯುವವರಿಗೆ ಸರ್ಕಾರ ಏನೇನು ಕೊಟ್ಟಿದೆ, ಏನು ಕೊಟ್ಟಿಲ್ಲ ಅಂತ ಸರಳವಾಗಿ ಹೇಳಬೇಕು. ಕಾನೂನು ಸಿಕ್ಕಿತು. ಪದಗಳು ಸಿಗುತ್ತಿಲ್ಲ.

ತಲೆಬರಹದಲ್ಲೇ ಗಂಟು ಬಿದ್ದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1965ರಲ್ಲಿ ಸಂಸಾರದ ಜವಾಬ್ದಾರಿ ಇರುವ ಹೆಂಗಸರ ಬಗ್ಗೆ ಒಂದು ಶಿಫಾರಸು ಮಾಡಿತ್ತು. 1981ರಲ್ಲಿ ಅದನ್ನೇ ಬೆಳೆಸಿ 156ನೇ ಒಡಂಬಡಿಕೆ ಬಂತು. ಈ ಸಲ ಹೆಸರಲ್ಲಿ ‘ಹೆಂಗಸರು’ ಹೋಗಿ ‘ಕೆಲಸಗಾರರು’ ಬಂದರು. ಗಂಡಸರಿಗೂ ಮನೆ ಇದೆ ಅಂತ ನೆನಪಾಗಲು ಅಷ್ಟು ಕಾಲ ಬೇಕಾಯಿತು ಅನ್ನಿ. ಭಾರತ ಈ ಒಡಂಬಡಿಕೆಯನ್ನು ಇನ್ನೂ ಒಪ್ಪಿಕೊಂಡಿಲ್ಲ. ಇದರಲ್ಲಿ ಮಕ್ಕಳ ಜೊತೆಗೆ, ಆರೈಕೆ ಬೇಕಾದ ಹತ್ತಿರದ ಮನೆಮಂದಿಯೂ ಬರುತ್ತಾರೆ. ಅಂದರೆ ಮದುವೆಯಾಗದೆ ತಾಯಿಯನ್ನು ನೋಡಿಕೊಂಡಿರುವ ಮಗಳೂ ಲೆಕ್ಕಕ್ಕೆ ಬರುತ್ತಾಳೆ. ನನಗೆ ಇವರೆಲ್ಲರನ್ನೂ ಒಳಗೊಳ್ಳುವ ಒಂದು ಕನ್ನಡ ಮಾತು ಬೇಕು.

‘ಸಂಸಾರಸ್ಥ ಕೆಲಸಗಾರರು’ ಅಂದೆ. ತಕ್ಷಣ ಮದುವೆಯಾದವರು ಅಂತಲೇ ಕೇಳಿಸುತ್ತದೆ. ಆ ಮದುವೆಯಾಗದ ಮಗಳು ಹೊರಗುಳಿದಳು. ಹಳಬರ ಬಾಯಲ್ಲಿ ‘ನಮ್ಮ ಸಂಸಾರ’ ಅಂದರೆ ಹೆಂಡತಿ. ‘ಕುಟುಂಬ’ವೂ ಹಾಗೇ. ‘ನನ್ನ ಕುಟುಂಬದೋರು ತೌರಿಗೆ ಹೋಗಿದಾರೆ’ ಅನ್ನುವವರು ಈಗಲೂ ಇದ್ದಾರೆ. ಇಂಗ್ಲಿಷಿನಿಂದ ಬಂದ ‘ಫ್ಯಾಮಿಲಿ’ಗೂ ನಮ್ಮಲ್ಲಿ ಅದೇ ಗತಿ: ‘ಫ್ಯಾಮಿಲಿ ಊರಲ್ಲಿದಾರೆ’. ಸರಿ, ‘ಮನೆಯವರ ಹೊಣೆ’ ಅನ್ನೋಣ ಅಂದರೆ, ಹೆಂಗಸರು ‘ನಮ್ಮ ಮನೆಯವರು’ ಅನ್ನುವುದು ಗಂಡನಿಗೆ! ಮನೆಮಂದಿಗೆಲ್ಲ ಇದ್ದ ಪದಗಳು ಒಂದೊಂದಾಗಿ ಗಂಡನ ಕಡೆಗೋ ಹೆಂಡತಿಯ ಕಡೆಗೋ ಜಾರಿವೆ. ಬೇರೆ ಭಾಷೆಗಳಲ್ಲೂ ಇಷ್ಟು ಜೋರಾಗಿ ಹೀಗಾಗಿದೆಯಾ, ಬಲ್ಲವರು ಹೇಳಬೇಕು.

ಹಳೆ ಮೈಸೂರು ಕಡೆ ಹಿರಿಯರು ಹೇಳುವ ‘ಮನೆವಾರ್ತೆ’ ನನಗೆ ತುಂಬಾ ಇಷ್ಟ. ಅಡುಗೆ, ದಿನಸಿ, ಮಕ್ಕಳು, ಮುದುಕರು, ಬಂದವರು ಹೋದವರು ಎಲ್ಲ ಅದರಲ್ಲಿ ಬಂತು. ಆದರೆ ಈಗಿನ ಹುಡುಗಿಯರಿಗೆ ‘ವಾರ್ತೆ’ ಅಂದರೆ ಟಿವಿಯಲ್ಲಿ ಬರೋದು. ‘ಕುಟುಂಬದ ಹೊರೆ’ ಅಂತ ಒಬ್ಬರು ಸೂಚಿಸಿದರು. ಬೇಡ ಅಂದೆ. ಅಪ್ಪ ಅಮ್ಮನನ್ನು ಹೊರೆ ಅಂತ ಅಚ್ಚು ಹಾಕಿಸುವುದಕ್ಕೆ ನನಗೆ ಮನಸ್ಸಿಲ್ಲ. ಸದ್ಯಕ್ಕೆ ‘ಮನೆಹೊಣೆ ಇರುವ ಕೆಲಸಗಾರರು’ ಅಂತ ಬರೆದಿದ್ದೇನೆ. ಸಂಸಾರ ನಡೆಸುವುದಕ್ಕೆ ಉತ್ತರ ಕರ್ನಾಟಕದಲ್ಲಿ ಅನ್ನುವ ‘ಒಗತನ’ ಇಲ್ಲಿಗೆ ಕೂರುತ್ತದಾ? ಆ ಕಡೆಯವರು ಹೇಳಿ.

ಇನ್ನು ರಜೆಗಳ ಹೆಸರು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

2021ರಿಂದ ಕರ್ನಾಟಕ ಸರ್ಕಾರದ ಮಹಿಳಾ ನೌಕರರಿಗೆ, ಹೆರಿಗೆ ರಜೆ ಬಿಟ್ಟು, ಸೇವೆಯ ಅವಧಿಯಲ್ಲಿ 180 ದಿನ ‘ಶಿಶುಪಾಲನಾ ರಜೆ’ ಇದೆ. ಕೇಂದ್ರದವರಿಗೆ 2008ರಿಂದಲೇ ಇದೆ, 730 ದಿನ. ಎರಡರಲ್ಲೂ ಮಗುವಿಗೆ 18 ತುಂಬುವವರೆಗೆ ತೆಗೆದುಕೊಳ್ಳಬಹುದು. ಹಾಗಾದರೆ ಪಿಯುಸಿ ಪರೀಕ್ಷೆಗೆ ಓದುತ್ತಿರುವ, ಮೀಸೆ ಬಂದಿರುವ ಹುಡುಗನೂ ‘ಶಿಶು’ವೇ! ಅಮ್ಮಂದಿರು ಈ ರಜೆ ಹಾಕುವುದೇ ಬಹಳ ಸಲ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹೊತ್ತಿಗೆ. ‘ಮಕ್ಕಳ ಪಾಲನೆ ರಜೆ’ ಅಂದಿದ್ದರೆ ಮುಗಿಯುತ್ತಿತ್ತು. ಇನ್ನೊಂದು ವಿಷಯ, ಕೇಂದ್ರದ ನಿಯಮದಲ್ಲಿ ಗಂಡಸರಿಗೂ ಇದು ಸಿಗುತ್ತದೆ, ಆದರೆ ಅವರು ಮದುವೆಯಾಗದವರೋ, ವಿಧುರರೋ, ವಿಚ್ಛೇದನ ಆದವರೋ ಆಗಿರಬೇಕು. ಮನೆಯಲ್ಲಿ ಹೆಂಡತಿ ಇದ್ದರೆ ಮಕ್ಕಳನ್ನು ಅವಳೇ ನೋಡಿಕೊಳ್ಳಲಿ ಅನ್ನುವ ಹಾಗಿದೆ, ಅಲ್ವಾ?

ಅಪ್ಪನಿಗೆ ಸಿಗುವ 15 ದಿನದ್ದು ‘ಪಿತೃತ್ವ ರಜೆ’. ಸರ್ಕಾರಿ ನೌಕರರಿಗೆ ಮಾತ್ರ. ಖಾಸಗಿ ಕೆಲಸದಲ್ಲಿರುವ ಅಪ್ಪಂದಿರಿಗೆ ಇಷ್ಟು ದಿನ ಕೊಡಲೇಬೇಕು ಅನ್ನುವ ಕಾನೂನು ಇಲ್ಲ. ಆಡುವಾಗ ‘ತ್ವ’ ಬಿದ್ದುಹೋಗಿ ‘ಪಿತೃ ರಜೆ’ ಆಗುತ್ತದೆ. ಆಗ ಮಹಾಲಯ ಅಮಾವಾಸ್ಯೆಗೆ ಎಡೆ ಇಡಲು ಕೊಟ್ಟ ರಜೆ ಅನ್ನಿಸುವುದು ನನಗೊಬ್ಬನಿಗೇನಾ? ‘ಅಪ್ಪನ ರಜೆ’ ಅಂತ ಸುಮ್ನೆ ಬರೆದರೆ ಏನು ತೊಂದರೆ?

‘ಪೋಷಕರ ರಜೆ’ಯದ್ದು ಬೇರೆಯೇ ತಾಪತ್ರಯ. ಅಪ್ಪ ಅಮ್ಮ ಇಬ್ಬರಲ್ಲಿ ಯಾರು ಬೇಕಾದರೂ ಹಾಕಬಹುದಾದ ರಜೆಯನ್ನು ಪತ್ರಿಕೆಗಳು ಹೀಗೆ ಕರೆಯುವುದುಂಟು. ಓದಿದವರು ‘ಪೋಷಕರನ್ನು ನೋಡಿಕೊಳ್ಳಲು ರಜೆ’ ಅಂದುಕೊಂಡರೆ ತಪ್ಪಿಲ್ಲ. ಇಲ್ಲಿ ಎರಡು ಅರ್ಥವೂ ಬೇಕು, ಎರಡಕ್ಕೂ ಒಂದೇ ಪದ ಆಗುವುದಿಲ್ಲ. ಧಾರವಾಡ, ಬೆಳಗಾವಿ ಕಡೆ ಶಾಲೆಯಲ್ಲಿ ‘ಪಾಲಕರ ಸಭೆ’ ಅನ್ನುತ್ತಾರೆ. ಮಕ್ಕಳಿಗಾಗಿ ಹಾಕುವ ರಜೆಗೆ ಅದನ್ನು ತಂದು ‘ಪಾಲಕರ ರಜೆ’ ಅಂದರೆ ಗೊಂದಲ ಕಡಿಮೆಯಾದೀತಾ?

‘ಹೆರಿಗೆ ರಜೆ’ಯಲ್ಲಿ ಯಾರಿಗೂ ಅನುಮಾನ ಇಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ, 12 ವಾರ ಇದ್ದದ್ದನ್ನು ಮೊದಲ ಎರಡು ಮಕ್ಕಳಿಗೆ 26 ವಾರ ಮಾಡಿತು. ಆ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. ‘ಬಾಣಂತನದ ರಜೆ’ ಅಂತಲೂ ಜನ ಅನ್ನುತ್ತಾರೆ. ಆದರೆ ಗಮನಿಸಿ, ಬಾಣಂತನ ಮಾಡುವವಳು ಬಾಣಂತಿ ಅಲ್ಲ. ಮಗಳಿಗೆ ಎಣ್ಣೆ ನೀರು ಹಾಕಿ, ಕೂಸಿಗೆ ಸಾಂಬ್ರಾಣಿ ಹೊಗೆ ಕೊಟ್ಟು, ಪಥ್ಯದ ಅಡುಗೆ ಮಾಡುವವಳು ಅಜ್ಜಿ. ಆ ಅಜ್ಜಿಗೆ ಇನ್ನೂ ಐವತ್ತು ದಾಟಿರುವುದಿಲ್ಲ, ಅವಳೂ ಬೇರೊಂದು ಫ್ಯಾಕ್ಟರಿಯಲ್ಲಿ ಮಿಷನ್ ಮುಂದೆ ಕೂತಿರುತ್ತಾಳೆ. ಅವಳಿಗೆ ಯಾವ ಕಾನೂನಿನಲ್ಲೂ ರಜೆ ಇಲ್ಲ. ಹಾಗಾಗಿ ‘ಬಾಣಂತನದ ರಜೆ’ ಅನ್ನುವ ಹೆಸರನ್ನು ಅಜ್ಜಿಗೆಂದೇ ಎತ್ತಿಡಬೇಕು ಅನ್ನುವುದು ನನ್ನ ವಾದ. ಮುಂದೆಂದಾದರೂ ಕೊಟ್ಟರೆ ಹೆಸರು ತಯಾರಿರಲಿ.

ಈಗ ನನಗೆ ನಿಜವಾಗಿ ಬೇಕಿರುವ ಪದ. ಕರಡು ಓದಿ ಹೇಳಲು ಊಟದ ಹೊತ್ತಲ್ಲಿ ಕೆಲವು ಟೈಲರ್ ಹೆಂಗಸರ ಜೊತೆ ಕೂತಿದ್ದೆ. ಅತ್ತೆಗೆ ಹುಷಾರಿಲ್ಲದಾಗ ಯಾವ ರಜೆ ಹಾಕುತ್ತೀರಿ ಅಂತ ಕೇಳಿದೆ. ಒಬ್ಬಾಕೆ ಡಬ್ಬಿ ಮುಚ್ಚುತ್ತಾ, ‘ಅತ್ತೆಗೆ ಅಂದ್ರೆ ಕೊಡಲ್ಲ ಸಾರ್. ನಂಗೇ ಜ್ವರ ಅಂತೀನಿ’ ಅಂದರು. ಪಕ್ಕದವರು ನಕ್ಕರು. ಕಾರ್ಮಿಕರ ವಿಮೆಯಾದ ಇಎಸ್‌ಐನಲ್ಲಿ ಮನೆಮಂದಿಗೆ ಔಷಧಿ ಉಂಟು, ಆದರೆ ಸಂಬಳದ ಬದಲಿಗೆ ಕೊಡುವ ದುಡ್ಡು ಕಾರ್ಡಿನವರಿಗೇ ಕಾಯಿಲೆಯಾದರೆ ಮಾತ್ರ. ಮನೆಯಲ್ಲಿ ಇನ್ನೊಬ್ಬರು ಮಲಗಿದಾಗ ಅವರ ಪಕ್ಕ ಕೂರುವುದಕ್ಕೆ ರಜೆ ಇಲ್ಲ, ಇಲ್ಲದ್ದಕ್ಕೆ ಹೆಸರೂ ಇಲ್ಲ. ‘ಶುಶ್ರೂಷಾ ರಜೆ’ ಅಂದರೆ ನರ್ಸ್‌ಗಳದ್ದು ಅನ್ನಿಸುತ್ತದೆ. ‘ಆರೈಕೆ ರಜೆ’ ಅಂತ ಬರೆದಿದ್ದೇನೆ. ಕೂಸಿಗೂ ಆಗುತ್ತದೆ, ಮುದುಕರಿಗೂ ಆಗುತ್ತದೆ, ಗಂಡಸರೂ ಹಾಕಬಹುದು. ‘ಜೋಪಾನ’ ಅನ್ನುವುದು ಇನ್ನೂ ಹತ್ತಿರದ ಮಾತು, ಆದರೆ ‘ಜೋಪಾನ ರಜೆ’ ಬಾಯಿಗೆ ಬರುತ್ತಿಲ್ಲ.

ಕೊನೆಯದು ಚಿಕ್ಕದು. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 48ನೇ ಸೆಕ್ಷನ್ ಹೇಳುತ್ತಿತ್ತು. ಹೆರಿಗೆ ಕಾಯ್ದೆಯ 2017ರ ತಿದ್ದುಪಡಿ, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತ ಸೇರಿಸಿತು. ಆ ಟೈಲರ್ ಹೆಂಗಸರಿಗೆ ‘ಶಿಶುಪಾಲನಾ ಕೇಂದ್ರ’ ಅಂತ ಓದಿ ಹೇಳಿದರೆ, ‘ಓ, ಬೇಬಿ ಸಿಟ್ಟಿಂಗಾ?’ ಅಂದರು. ಈ ನಡುವೆ ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ, ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಅಂದಿತು. ಯಾರಿಟ್ಟರೋ ಗೊತ್ತಿಲ್ಲ, ಇಟ್ಟವರ ಕೈಗೆ ಒಂದು ನಮಸ್ಕಾರ. ಕಾರ್ಖಾನೆಯ ಕೊಠಡಿಗೂ ಇದೇ ಹೆಸರು ಬಳಸಿದರೆ, ಓದುವವರು ಅದು ಪಂಚಾಯಿತಿಯದ್ದು ಅಂದುಕೊಂಡಾರು ಅನ್ನುವುದೊಂದೇ ಅಳುಕು.

‘ಮನೆಹೊಣೆ’, ‘ಆರೈಕೆ ರಜೆ’, ‘ಕೂಸಿನ ಮನೆ’ ಈ ಮೂರಕ್ಕೆ ಹೂಂ ಅನ್ನುತ್ತೀರೋ ಉಹೂಂ ಅನ್ನುತ್ತೀರೋ ತಿಳಿಸಿ. ಕರಾವಳಿಯಲ್ಲಿ, ಬೀದರ್ ಕಲಬುರಗಿ ಕಡೆ ಕಾಯಿಲೆಯವರ ಪಕ್ಕ ಇದ್ದು ನೋಡಿಕೊಳ್ಳುವುದಕ್ಕೆ ಏನನ್ನುತ್ತಾರೆ ಅನ್ನುವುದು ಸಿಕ್ಕರೆ ಇನ್ನೂ ಒಳ್ಳೆಯದು. ಹೊತ್ತಿಗೆ ಅಚ್ಚಿಗೆ ಹೋಗಲು ಇನ್ನೂ ಸ್ವಲ್ಪ ಸಮಯ ಇದೆ.